ಕಕ್ಕಿದ ಮಕ್ಕಳು

ನನಗೊಂದು ಚಿಂತೆ. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ. ಹೇಳಿದರೆ ನಗುತ್ತಾರೆ. ಮಕ್ಕಳು ನನ್ನನ್ನು ಕಂಡರೆ ಅಳುತ್ತವೆ.

ನಾನು ನೋಡಲು ಅಷ್ಟೇನೂ ಕೆಟ್ಟದಾಗಿಲ್ಲ. ದನಿ ಎತ್ತಿ ಮಾತಾಡಿದವಳೂ ಅಲ್ಲ. ನಿನ್ನ ದನಿ ನಿನಗಾದ್ರೂ ಕೇಳುತ್ತೇನೇ ಅಂತ ಅಕ್ಕ ಆಡಿಕೊಳ್ಳುತ್ತಾಳೆ. ಆದರೂ ತಗಡಿನ ಶೆಡ್ಡುಗಳ ಸಾಲಿಗೆ ನಾನು ಈ ತುದಿಯಲ್ಲಿ ಕಾಲಿಟ್ಟರೆ ಸಾಕು, ಆ ತುದಿಯಲ್ಲಿ ಒಂದು ಮಗು ಶುರು ಮಾಡುತ್ತದೆ. ಒಂದರ ಅಳು ಇನ್ನೊಂದಕ್ಕೆ ಹತ್ತಿಕೊಳ್ಳುತ್ತದೆ. ಮಕ್ಕಳನ್ನು ಹೆದರಿಸಲು ತಾಯಂದಿರು ಗುಮ್ಮನನ್ನು ಕರೆಯುವುದು ಬಿಟ್ಟಿದ್ದಾರೆ. "ಸುಮ್ನಿರ್ತೀಯೋ, ಕಹಿ ಅಕ್ಕನ್ನ ಕರೀಲೋ?" ಅನ್ನುತ್ತಾರೆ. ಕಹಿ ಅಕ್ಕ ಅಂದರೆ ನಾನು.

ಸೋಪು ಹಾಕಿ ಕೈ ತಿಕ್ಕಿಕೊಳ್ಳುತ್ತೇನೆ. ಮೂಸುತ್ತೇನೆ. ಏನೂ ಇರುವುದಿಲ್ಲ. ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟಾಗ ಗೊತ್ತಾಗುತ್ತದೆ, ಬೆರಳಿನ ಸಂದಿಯಲ್ಲಿ ಇನ್ನೂ ಇದೆ ಅಂತ.

ಮಾತ್ರೆ ಕತ್ತರಿಸುವುದು ನನ್ನ ಕೆಲಸ.

ನಾನು ಡಿಗ್ರಿ ಓದಿದವಳು. ಅಪ್ಪ, ಅಮ್ಮ ಕಟ್ಟಡಗಳಲ್ಲಿ ಗಾರೆ ಬಾಂಡ್ಲಿ ಹೊತ್ತೇ ಹೋದರು. ಅಕ್ಕ ಶಾಲೆ ಬಿಟ್ಟು ಬಾಂಡ್ಲಿ ಹಿಡಿದಳು, ನನ್ನನ್ನು ಹಾಸ್ಟೆಲ್ಲಿಗೆ ಹಾಕಿದಳು. ಓದು ಮುಗಿಸಿ ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ ಅಕ್ಕನ ಶೆಡ್ಡಿಗೇ ಬಂದೆ. ಅದೇ ಹೊತ್ತಿಗೆ ಇಲ್ಲಿ ಮಲೇರಿಯಾ ಮಾತ್ರೆಯ ಪರೀಕ್ಷೆ ಶುರುವಾಗಿತ್ತು. ಹೊಸ ಮಾತ್ರೆ ಸಣ್ಣ ಮಕ್ಕಳ ಮೇಲೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ನೋಡಬೇಕಿತ್ತು. ಶೆಡ್ಡಿನವರ ಹತ್ತಿರ ಮಾತಾಡಲು ಒಬ್ಬಳು ಬೇಕಿತ್ತು. ಓದಿದವಳಾಗಿರಬೇಕು, ಶೆಡ್ಡಿನವಳೂ ಆಗಿರಬೇಕು. ಅಂಥವಳು ನಾನೊಬ್ಬಳೇ. ಮಾತಾಡುವ ಕೆಲಸಕ್ಕೆ ಮಾತೇ ಬಾರದವಳನ್ನು ಸೇರಿಸಿಕೊಂಡರು.

ಮಲೇರಿಯಾಕ್ಕೆ ಇಲ್ಲಿ ಯಾರೂ ಹೊರಗಿನಿಂದ ಬರಬೇಕಿಲ್ಲ. ಕಟ್ಟಡ ಏಳುತ್ತಿದೆ. ಸ್ಲ್ಯಾಬ್ ಹಾಕಿದ ಮೇಲೆ ಅದರ ಮೇಲೆ ಗಾರೆಯ ಸಣ್ಣ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತಾರೆ. ಕಾಂಕ್ರೀಟು ನೀರು ಕುಡಿಯಬೇಕು, ಕುಡಿದಷ್ಟೂ ಗಟ್ಟಿ. ಆ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಕೆಳಗಡೆ ಲಿಫ್ಟಿಗಂತ ತೋಡಿದ ಗುಂಡಿಯಲ್ಲೂ ನೀರು. ಅದರ ಬುಡದಲ್ಲೇ ನಮ್ಮ ಶೆಡ್ಡುಗಳು. "ಬಿಲ್ಡಿಂಗಿಗೆ ನೀರು, ಸೊಳ್ಳೆಗೆ ನಾವು. ಯಾರನ್ನೂ ಉಪವಾಸ ಕೆಡವೋ ಪೈಕಿ ಅಲ್ಲ ಮೇಸ್ತ್ರಿ," ಅಂತ ಅಕ್ಕ ಒಮ್ಮೆ ಹೇಳಿದ್ದಳು. ಸಾಲಿನ ಹೆಂಗಸರೆಲ್ಲ ನಕ್ಕಿದ್ದರು.

ಪರೀಕ್ಷೆಗೆ ಸಾಲಿನ ಕೊನೆಯ ಎರಡು ಶೆಡ್ಡು ಕೊಟ್ಟಿದ್ದಾರೆ. ಒಂದರಲ್ಲಿ ಗಾಜಿನಣ್ಣ ಕೂರುತ್ತಾನೆ. ಮಗುವಿನ ಬೆರಳು ಚುಚ್ಚಿ ಗಾಜಿನ ಚೂರಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವವನು. ಇನ್ನೊಂದರಲ್ಲಿ ಡಾಕ್ಟರಮ್ಮ. ನಡುವಿನ ಜಗಲಿಯಲ್ಲಿ ನಾನು. ನನ್ನ ಮುಂದೆ ಒಂದು ತಟ್ಟೆ, ಒಂದು ಬ್ಲೇಡು, ಒಂದು ಚಮಚ, ಒಂದು ನೀರಿನ ಜಗ್ಗು, ಒಂದು ಬಕೆಟ್ಟು.

ಮಕ್ಕಳಿಗೆಂದೇ ನೀರಲ್ಲಿ ಕರಗುವ ಸಿಹಿ ಮಾತ್ರೆ ಇದೆಯಂತೆ. ನಮಗೆ ಬಂದದ್ದು ದೊಡ್ಡವರ ಮಾತ್ರೆ. ಅದನ್ನು ಬ್ಲೇಡಿನಲ್ಲಿ ಅರ್ಧ ಮಾಡಬೇಕು, ಸಣ್ಣ ಮಗುವಾದರೆ ಕಾಲು ಮಾಡಬೇಕು. ಆಮೇಲೆ ಚಮಚದಲ್ಲಿ ಅರೆದು ನೀರು ಬೆರೆಸಬೇಕು. ಮಗುವನ್ನು ಮಡಿಲಲ್ಲಿ ಮಲಗಿಸಿ, ಎರಡೂ ಕೈ ಒತ್ತಿ ಹಿಡಿದು, ಮೂಗು ಮುಚ್ಚಿದರೆ ಉಸಿರಿಗೆ ಬಾಯಿ ತೆರೆಯುತ್ತದೆ. ಆಗ ಸುರಿಯಬೇಕು. ಮಗು ಮೊದಲು ಕಣ್ಣು ಅಗಲ ಮಾಡುತ್ತದೆ. ಕಹಿ ತಿಳಿಯುವುದಕ್ಕೆ ಒಂದು ಗಳಿಗೆ ಬೇಕು. ಆ ಗಳಿಗೆಯಲ್ಲಿ ಅದು ನನ್ನ ಮುಖವನ್ನೇ ನೋಡುತ್ತಿರುತ್ತದೆ.

"ಓದಿದ್ದು ಡಿಗ್ರಿ, ಹಿಡಿಯೋದು ಮೂಗು," ಅನ್ನುತ್ತಾನೆ ಗಾಜಿನಣ್ಣ.

ಸುರಿದ ಮೇಲೆ ಅರ್ಧ ಗಂಟೆ ಕಾಯಬೇಕು. ಮಗು ಕಕ್ಕಿದರೆ ಮತ್ತೊಮ್ಮೆ ಕೊಡಬೇಕು. ಮತ್ತೂ ಕಕ್ಕಿದರೆ ಆ ಮಗು ಹೊರಗೆ. ಡಾಕ್ಟರಮ್ಮ ದೊಡ್ಡಾಸ್ಪತ್ರೆಗೆ ಒಂದು ಚೀಟಿ ಬರೆದುಕೊಡುತ್ತಾರೆ, ಅಲ್ಲಿ ಸೂಜಿ ಚುಚ್ಚಿ ಔಷಧಿ ಹಾಕುತ್ತಾರೆ. ನಮಗೂ ಆ ಮಗುವಿಗೂ ಅಲ್ಲಿಗೆ ಮುಗಿಯಿತು. ಮರುದಿನ ಅದರ ಜ್ವರ ನೋಡುವವರಿಲ್ಲ. ಅದರ ಬೆರಳು ಚುಚ್ಚುವವರಿಲ್ಲ. ಅದು ಬದುಕಿತೋ ಬಿಟ್ಟಿತೋ, ಮಾತ್ರೆಯ ಲೆಕ್ಕಕ್ಕೆ ಸೇರುವುದಿಲ್ಲ.

ಇದು ಅನ್ಯಾಯ ಅಂತ ಮೊದಲು ನನಗೆ ಅನ್ನಿಸಿರಲಿಲ್ಲ. ಡಾಕ್ಟರಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದ್ದರು. "ನೋಡಮ್ಮ, ಹೊಟ್ಟೇಲಿ ನಿಲ್ಲದ ಔಷಧಿ ಒಳ್ಳೇದೋ ಕೆಟ್ಟದ್ದೋ ಅಂತ ನಾವು ಹೇಗೆ ಹೇಳೋಕಾಗುತ್ತೆ? ಹೊಟ್ಟೇಲಿ ನಿಂತರೆ ತಾನೇ ಪರೀಕ್ಷೆ?" ಸರಿ ಅನ್ನಿಸಿತು. ಅವರು ಕೆಟ್ಟವರಲ್ಲ. ಮಕ್ಕಳ ಗಲ್ಲ ಸವರುತ್ತಾರೆ. ಚೀಟಿ ಬರೆಯುವಾಗ ಪ್ರತಿ ಸಲ "ತಡ ಮಾಡಬೇಡಿ" ಅನ್ನುತ್ತಾರೆ.

ಸರಿ ಇದ್ದ ಮಾತೇ ಎಷ್ಟು ಜನರನ್ನು ಹೊರಗೆ ಹಾಕುತ್ತದೆ ಅಂತ ಬಕೆಟ್ಟು ತೊಳೆಯುತ್ತಾ ತೊಳೆಯುತ್ತಾ ನನಗೆ ಗೊತ್ತಾಯಿತು.

ಕಕ್ಕಿದ್ದನ್ನು ತೊಳೆಯುವವಳು ನಾನು. ಏನು ಕಕ್ಕಿದೆ ಅಂತ ನೋಡುವವಳೂ ನಾನೇ. ಅದರಲ್ಲಿ ಏನೂ ಇರುತ್ತಿರಲಿಲ್ಲ. ಅನ್ನದ ಅಗುಳಿಲ್ಲ, ಹಾಲಿನ ಒಡಕಿಲ್ಲ. ಮಾತ್ರೆಯ ಪುಡಿ, ಹಳದಿ ನೀರು, ಅಷ್ಟೇ.

ಮಾತ್ರೆಯನ್ನು ತಿಂದ ಹೊಟ್ಟೆಗೆ ಕೊಡಬೇಕು. ಡಬ್ಬಿಯ ಮೇಲೆಯೇ ಇದೆ. ತಿಂದಿದ್ದರೆ ಮೈಗೆ ಹತ್ತುತ್ತದೆ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದಕ್ಕೇ ಮಾತ್ರೆ ಕೊಡುವ ಮುಂಚೆ ಪ್ರತಿ ತಾಯಿಯನ್ನೂ ನಾನು ಕೇಳಬೇಕು. "ಮಗೂದು ತಿಂಡಿ ಆಯ್ತಾ?"

"ಆಯ್ತು."

"ಏನು ಕೊಟ್ರಿ?"

"ಏನೋ ಒಂದು. ಆಯ್ತು ಬಿಡಿ."

ನಾನು 'ಆಯ್ತು' ಅಂತ ಗುರುತು ಹಾಕುತ್ತೇನೆ. ಎಲ್ಲರದೂ ಆಯ್ತು. ಸಾಲಿನಲ್ಲಿ ಒಂದೇ ಒಂದು ಮಗುವಿನ ಎದುರಿಗೆ 'ಇಲ್ಲ' ಅಂತಿಲ್ಲ.

ಆಗಿರುವುದಿಲ್ಲ. ನನಗೆ ಗೊತ್ತು. ನಾನು ಅದೇ ಸಾಲಿನಲ್ಲಿ ಮಲಗಿ ಏಳುವವಳು. ಇಲ್ಲಿ ಬೆಳಿಗ್ಗೆ ಒಲೆ ಹತ್ತುವುದಿಲ್ಲ. ಬೆಳಕು ಹರಿಯುವ ಮುಂಚೆ ಮೇಸ್ತ್ರಿಯ ಸೀಟಿ. ರಾತ್ರಿಯದು ಏನಾದರೂ ಉಳಿದಿದ್ದರೆ ಕೆಲಸಕ್ಕೆ ಹೋಗುವವರು ತಿಂದು ಹೋಗುತ್ತಾರೆ. ಅದು ಹೊಟ್ಟೆಬಾಕತನವಲ್ಲ. ಬಾಂಡ್ಲಿ ಹೊತ್ತವಳಿಗೆ ತಲೆ ಸುತ್ತಿದರೆ ನೆಲ ಸಿಗುವುದು ನಾಲ್ಕು ಮಹಡಿ ದಾಟಿದ ಮೇಲೆ. ಮಧ್ಯಾಹ್ನದ ಬಿಡುವಿನಲ್ಲಿ ತಾಯಂದಿರು ಓಡಿ ಬಂದು ಒಲೆ ಹಚ್ಚುತ್ತಾರೆ. ಆಗಲೇ ಮಕ್ಕಳಿಗೆ ಮೊದಲ ತುತ್ತು. ಡಾಕ್ಟರಮ್ಮ ಬರುವುದು ಬೆಳಿಗ್ಗೆ. ಬಿಡುವಿನ ಸೀಟಿ ಊದುವ ಮುಂಚೆ ಅವರ ಗಾಡಿ ಹೊರಟುಹೋಗಿರುತ್ತದೆ. ಮಧ್ಯಾಹ್ನ ಅವರಿಗೆ ಬೇರೆ ಕಡೆ ಕೆಲಸ.

ಹಾಗಾದರೆ 'ಆಗಿಲ್ಲ' ಅನ್ನಬಹುದಲ್ಲ ಅಂತ ಯಾರಾದರೂ ಕೇಳಿಯಾರು. ಕೇಳುವವರು ಹಸಿದ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು, ಇಸ್ತ್ರಿ ಬಟ್ಟೆ ಹಾಕಿದವರ ಮುಂದೆ ಕೂತು ನೋಡಬೇಕು. ಮಗುವಿಗೆ ಏನೂ ಕೊಟ್ಟಿಲ್ಲ ಅಂತ ತಾಯಿಯಾದವಳು ತನ್ನ ಬಾಯಿಂದ ಹೇಳುವುದಿಲ್ಲ. ನಮ್ಮಮ್ಮನೂ ಹೇಳುತ್ತಿರಲಿಲ್ಲ. ಶಾಲೆಯ ಮೇಷ್ಟ್ರು ಕೇಳಿದರೆ "ಆಯ್ತು ಸಾರ್, ಹೊಟ್ಟೆ ತುಂಬಾ ತಿಂದಿದ್ದಾಳೆ" ಅಂದು ನನ್ನ ಬೆನ್ನಿಗೊಂದು ತಟ್ಟುತ್ತಿದ್ದಳು, ಸಾಕ್ಷಿ ಹೇಳು ಅನ್ನುವ ಹಾಗೆ. ನಾನು ತಲೆ ಆಡಿಸುತ್ತಿದ್ದೆ.

ಒಂದು ಸಲ ಡಾಕ್ಟರಮ್ಮನ ಹತ್ತಿರ ಹೋಗಿ ನಿಂತಿದ್ದೆ. ಅವರು ಏನೋ ಬರೆಯುತ್ತಿದ್ದರು.

"ಮೇಡಂ, ಮಾತ್ರೆ ಮಧ್ಯಾಹ್ನ ಕೊಟ್ರೆ..."

"ಹಾಂ? ಏನಂದೆ?"

"ಏನಿಲ್ಲ ಮೇಡಂ. ಬಕೆಟ್ಟು ಒಡೆದಿದೆ."

ಮರುದಿನ ಹೊಸ ಬಕೆಟ್ಟು ಬಂತು.

ಅಕ್ಕನಿಗೆ ಒಬ್ಬಳೇ ಮಗಳು. ಎರಡು ತುಂಬಿಲ್ಲ. ಕಪ್ಪಗೆ, ಗುಂಡಗೆ, ಮುಟ್ಟಿದರೆ ಚುರುಕ್ ಅನ್ನುವವಳು. ಸಾಲಿನವರೆಲ್ಲ ಮೆಣಸು ಅಂತಲೇ ಕರೆಯುವುದು. ಭಾವ ಬೇರೆ ಸೈಟಿನಲ್ಲಿ ಕಂಬಿ ಕಟ್ಟುತ್ತಾನೆ, ಬಂದಾಗ ಬಂದ. ನನ್ನನ್ನು ಕಂಡು ಅಳದೆ ಇದ್ದ ಮಗು ಅದೊಂದೇ. "ತಿಕ್ಕಿ" ಅನ್ನುತ್ತಿತ್ತು, ಚಿಕ್ಕಿ ಅನ್ನಲು ಬಾರದೆ. ನಾನು ಶೆಡ್ಡಿಗೆ ಬಂದರೆ ಕೈಯೆರಡೂ ಹಿಡಿದು ಬೆರಳು ಬಿಡಿಸಿ ನೋಡುತ್ತಿತ್ತು, ಏನು ತಂದೆ ಅಂತ. ಏನೂ ಇರುತ್ತಿರಲಿಲ್ಲ. ಆದರೂ ದಿನಾ ನೋಡುತ್ತಿತ್ತು.

ಅವತ್ತು ಬೆಳಿಗ್ಗೆ ಮೈ ಕಾದ ತಗಡಿನ ಹಾಗಿತ್ತು. ಅಕ್ಕ ಸೊಂಟಕ್ಕೆ ಏರಿಸಿಕೊಂಡು ಜಗಲಿಗೆ ತಂದಳು. ತಲೆಯ ಮೇಲೆ ಆಗಲೇ ಸಿಂಬೆ ಇತ್ತು. ಅವತ್ತು ಐದನೇ ಮಹಡಿಯ ಸ್ಲ್ಯಾಬ್. ಸ್ಲ್ಯಾಬ್ ದಿನ ಅಂದರೆ ಸಾಲಿನಲ್ಲಿ ಯಾರೂ ಸಾಯುವ ಹಾಗೂ ಇಲ್ಲ.

ಗಾಜಿನಣ್ಣ ಬೆರಳು ಚುಚ್ಚಿದ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಯಾವತ್ತೂ ಏನಾದರೊಂದು ತಮಾಷೆ ಮಾಡುವವನು ಅವತ್ತು ಮಾಡಲಿಲ್ಲ.

"ಇದೆ. ಕೆಟ್ಟ ಜಾತಿದೇ. ಬಹಳ ಇದೆ," ಅಂದ.

ತೂಕ ಆಯಿತು. ಡಾಕ್ಟರಮ್ಮ ಪರೀಕ್ಷೆಗೆ ಸೇರಿಸಿಕೊಂಡರು. ಅಕ್ಕ ಹೆಬ್ಬೆಟ್ಟು ಒತ್ತಿದಳು. ಮೆಣಸನ್ನು ನನ್ನ ಮಡಿಲಿಗೆ ಹಾಕಿದಳು. ನಾನು ಕೇಳಬೇಕಾದ್ದನ್ನು ಕೇಳಬೇಕಿತ್ತು. ಡಾಕ್ಟರಮ್ಮ ಬಾಗಿಲಲ್ಲಿ ನಿಂತಿದ್ದರು.

"ಮಗೂದು ತಿಂಡಿ ಆಯ್ತಾ?" ಅಂತ ನಮ್ಮಕ್ಕನನ್ನು ಕೇಳಿದೆ.

ಒಂದೇ ಚಾಪೆಯಲ್ಲಿ ಮಲಗಿ ಎದ್ದವರು ನಾವು. ರಾತ್ರಿಯ ಪಾತ್ರೆ ತೊಳೆದು ಬೋರಲು ಹಾಕಿದವಳು ನಾನೇ. ಅಕ್ಕ ನನ್ನ ಮುಖ ನೋಡಲಿಲ್ಲ. ಡಾಕ್ಟರಮ್ಮನ ಕಡೆ ನೋಡಿದಳು.

"ಆಯ್ತು," ಅಂದಳು.

ನಾನು ಗುರುತು ಹಾಕಿದೆ.

ಮೇಲಿನಿಂದ ಮೇಸ್ತ್ರಿ ಕೂಗಿದ. "ಏಯ್, ಸಾಲು ಒಡೀತು! ಎಲ್ಲಿ ಸತ್ಲು ಅವಳು?" ಅಕ್ಕ ಓಡಿದಳು. ಓಡುತ್ತಲೇ ತಿರುಗಿ, "ಹಿಡ್ಕೊಳ್ಳೇ ಗಟ್ಟಿಯಾಗಿ, ಒದೀತಾಳೆ ಅವಳು," ಅಂದಳು.

ಅವಳು ಒದೆಯಲಿಲ್ಲ. ಕಾಲು ಮಾತ್ರೆ ಅರೆದು ನೀರು ಬೆರೆಸಿದೆ. ನನ್ನ ಕೈ ಕಂಡು ಬಾಯಿ ತಾನೇ ತೆರೆದಳು. ಏನೋ ತಂದಿದ್ದೇನೆ ಅಂದುಕೊಂಡಳು. ಮೂಗು ಹಿಡಿಯುವ ಕೆಲಸವೇ ಬೀಳಲಿಲ್ಲ. ಸುರಿದೆ. ಕಣ್ಣು ಅಗಲವಾದವು. ಅಳಲಿಲ್ಲ. ನನ್ನನ್ನೇ ನೋಡಿದಳು.

ಸ್ವಲ್ಪ ಹೊತ್ತಿಗೆ ಕಕ್ಕಿದಳು. ಹಳದಿ ನೀರು, ಬಿಳಿ ಪುಡಿ.

ಬೆನ್ನು ನೀವಿದೆ. ಬಾಯಿ ಒರೆಸಿದೆ. ಗಾಜಿನಣ್ಣ ತನ್ನ ಚೀಲದಿಂದ ಒಂದು ಬಿಸ್ಕತ್ತು ತೆಗೆದು ಕೊಟ್ಟ. ನೀರಿನಲ್ಲಿ ನೆನೆಸಿ ತುಟಿಗಿಟ್ಟೆ. ಅಷ್ಟೊತ್ತಿಗೆ ತಿನ್ನುವ ಸ್ಥಿತಿ ದಾಟಿತ್ತು. ನಾಲಗೆಯಲ್ಲಿ ಹೊರಗೆ ತಳ್ಳಿದಳು. ಇನ್ನೊಂದು ಕಾಲು ಅರೆದೆ. ಈ ಸಲ ಬಾಯಿ ತೆರೆಯಲಿಲ್ಲ. ಮೂಗು ಹಿಡಿದೆ. ಸುರಿದೆ. ಸೆಟೆದುಕೊಂಡು, ಮೈಯೆಲ್ಲ ಹಿಂಡಿ ಕಕ್ಕಿದಳು. ನನ್ನ ಮಡಿಲೆಲ್ಲ ಒದ್ದೆ.

ಡಾಕ್ಟರಮ್ಮ ಬಂದು ನೋಡಿದರು. "ಎರಡನೇದಾ?"

ತಲೆ ಆಡಿಸಿದೆ.

"ಪಾಪ," ಅಂದರು. ಗಲ್ಲ ಸವರಿದರು. ಚೀಟಿ ಬರೆದರು. "ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಬೇಕು. ತಡ ಮಾಡಬೇಡಿ."

ಅಂಗಳದಲ್ಲಿ ಅವರ ಗಾಡಿ ನಿಂತಿತ್ತು. ಡ್ರೈವರು ಗಾಜು ಒರೆಸುತ್ತಿದ್ದ. ದೊಡ್ಡಾಸ್ಪತ್ರೆ ಊರಿನ ಆಚೆ ಕಡೆ. ಬಸ್ಸು ಬದಲಿಸಿ ಹೋಗಬೇಕು. ನಾನು ಗಾಡಿಯ ಕಡೆ ನೋಡಿದೆ. ಬಾಯಿ ಬಿಡಲಿಲ್ಲ, ನೋಡಿದೆ ಅಷ್ಟೇ. ಡಾಕ್ಟರಮ್ಮನಿಗೆ ಅರ್ಥವಾಯಿತು.

"ಗಾಡಿ ಪರೀಕ್ಷೆಯೊಳಗಿರೋ ಮಕ್ಕಳಿಗೆ ಮಾತ್ರ ಅಂತ ನಿಯಮ ಅಲ್ವಾ? ಇವಳು ಈಗ ಹೊರಗೆ ಬಂದ್ಲಲ್ಲ," ಅಂದರು. ಬೇಜಾರಿನಲ್ಲೇ ಅಂದರು. "ಒಬ್ಬರಿಗೆ ಅಂತ ಮಾಡಿದ್ರೆ ಎಲ್ಲರೂ ಕೇಳ್ತಾರೆ."

ಮಾತ್ರೆ ಸುರಿಯುವ ಮುಂಚೆ ಆ ಗಾಡಿ ಅವಳದಾಗಿತ್ತು. ಕಕ್ಕಿದ ಮೇಲೆ ಅಲ್ಲ. ಜ್ವರ ಅದೇ, ಮಗು ಅದೇ, ಅಂಗಳ ಅದೇ.

ಮೆಣಸನ್ನು ಎತ್ತಿಕೊಂಡು ಮೇಲೆ ಹತ್ತಿದೆ. ಮೆಟ್ಟಿಲಿಗೆ ಇನ್ನೂ ರೇಲಿಂಗು ಬಂದಿಲ್ಲ. ಐದನೇ ಮಹಡಿಯಲ್ಲಿ ಹೆಂಗಸರ ಸಾಲು. ಮಿಕ್ಸರಿನಿಂದ ಬಾಂಡ್ಲಿ ಕೈಯಿಂದ ಕೈಗೆ, ಕೈಯಿಂದ ತಲೆಗೆ. ಒಬ್ಬಳು ನಿಂತರೆ ಇಡೀ ಸಾಲು ನಿಲ್ಲುತ್ತದೆ. ಅಕ್ಕನ ಮುಖದ ಮೇಲೆ ಸಿಮೆಂಟಿನ ನೀರು ಇಳಿದು ಒಣಗಿತ್ತು. ನನ್ನ ಕೈಯಲ್ಲಿದ್ದ ಚೀಟಿ ನೋಡಿದ್ದೇ ಅವಳಿಗೆ ಗೊತ್ತಾಯಿತು. ಆ ಚೀಟಿ ಯಾವಾಗ ಬರೆಯುತ್ತಾರೆ ಅಂತ ಸಾಲಿನಲ್ಲಿ ಎಲ್ಲರಿಗೂ ಗೊತ್ತು.

"ಅಣ್ಣಾ, ಮಗೂಗೆ ಜಾಸ್ತಿಯಾಗಿದೆ. ಹೋಗ್ಬೇಕು," ಅಂದಳು ಮೇಸ್ತ್ರಿಗೆ. ತಲೆ ಮೇಲೆ ಬಾಂಡ್ಲಿ ಇತ್ತು.

"ಹೋಗು. ಬೇಡ ಅಂದೋರು ಯಾರು? ಸ್ಲ್ಯಾಬ್ ಮುಗಿಸಿ ಹೋಗು. ಈಗ ನಿಂತ್ರೆ ಜಾಯಿಂಟ್ ಬೀಳುತ್ತೆ. ನಾಳೆ ಸೋರಿದ್ರೆ ಇಂಜಿನಿಯರು ನನ್ನ ಚರ್ಮ ಸುಲೀತಾನೆ."

"ಮಗು ಅಣ್ಣಾ..."

"ನಂಗೂ ಮಕ್ಕಳಿದಾವಮ್ಮ. ಹೋಗೋದಾದ್ರೆ ಚಾಪೆ ಸುತ್ಕೊಂಡು ಹೋಗು. ಶೆಡ್ಡು ಖಾಲಿ ಮಾಡು."

ಅಕ್ಕ ನನ್ನನ್ನು ನೋಡಿದಳು. "ನೀನೇ ಕರ್ಕೊಂಡು ಹೋಗೇ. ನಿಂಗೆ ಓದೋಕೆ ಬರುತ್ತಲ್ಲ," ಅಂದಳು.

ಹೋದೆ. ಜಗಲಿಯಲ್ಲಿ ಇನ್ನೂ ಮಕ್ಕಳು ಕಾಯುತ್ತಿದ್ದವು. ಡಾಕ್ಟರಮ್ಮ "ಅರೆ, ಎಲ್ಲಿಗೆ?" ಅಂದರು. ನಾನು ನಿಲ್ಲಲಿಲ್ಲ. ಧೈರ್ಯದಿಂದಲ್ಲ. ಉತ್ತರ ಕೊಡಲು ಬಾರದ್ದಕ್ಕೆ.

ಬಸ್ಸಿನಲ್ಲಿ ಮೆಣಸು ನನ್ನ ಹೆಗಲ ಮೇಲೆ ತಲೆ ಇಟ್ಟಿದ್ದಳು. ಬಿಸಿ ಉಸಿರು ಕತ್ತಿಗೆ ತಾಗುತ್ತಿತ್ತು. ದೊಡ್ಡಾಸ್ಪತ್ರೆಯ ಗೇಟಿನವನು "ಮಕ್ಕಳ ವಿಭಾಗ ಆ ಕಡೆ" ಅಂದ. ಆ ಕಡೆಯವರು "ಜ್ವರ ಅಲ್ವಾ, ಈ ಕಡೆ" ಅಂದರು. ಸಾಲಿನಲ್ಲಿ ನಿಂತೆ. ನನ್ನ ಬಟ್ಟೆಯ ವಾಸನೆಗೆ ಮುಂದಿದ್ದವಳು ಮೂಗು ಮುಚ್ಚಿಕೊಂಡಳು. ಕೌಂಟರಿನವನು ಚೀಟಿ ತಿರುಗಿಸಿ ಮುರುಗಿಸಿ ನೋಡಿದ.

"ನೀನು ತಾಯೀನಾ?"

"ಅಲ್ಲ. ಚಿಕ್ಕಮ್ಮ."

"ತಾಯಿ ಎಲ್ಲಿ?"

"ಸ್ಲ್ಯಾಬ್ ಹಾಕ್ತಿದಾಳೆ."

"ತಂದೆ?"

"ಬೇರೆ ಸೈಟಲ್ಲಿ."

"ಮಗು ಸಾಯ್ತಾ ಇದೆ, ತಾಯಿ ಸ್ಲ್ಯಾಬ್ ಹಾಕ್ತಿದಾಳೆ," ಅಂದ ಅವನು, ಪಕ್ಕದವನಿಗೆ. ಪಕ್ಕದವನು ನಕ್ಕ. ಇವನು ನನ್ನ ಕಡೆ ತಿರುಗಿದ. "ಸಹಿಗೆ ತಾಯಿ ಬೇಕಮ್ಮ. ಇಲ್ಲಾ ತಂದೆ. ಕೂತಿರು ಅಲ್ಲಿ."

ಕೂಗಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಕೂಗುತ್ತಿದ್ದರು. ಅಕ್ಕನಾಗಿದ್ದರೆ ಆ ಕೌಂಟರನ್ನೇ ಕಿತ್ತು ಹಾಕುತ್ತಿದ್ದಳು. ಅವಳು ಐದನೇ ಮಹಡಿಯಲ್ಲಿದ್ದಳು. ಕೂಗಲು ಬಾರದವಳು ಕೌಂಟರಿನ ಮುಂದಿದ್ದೆ. ಬೆಂಚಿನ ಮೇಲೆ ಕೂತೆ. ಎದ್ದು ಹೋಗಿ ಮೆಲ್ಲಗೆ "ಸಾರ್" ಅಂದೆ. ಅವನು ತಲೆ ಎತ್ತಲಿಲ್ಲ. ಬಂದು ಕೂತೆ. ಮತ್ತೆ ಹೋದೆ.

ಮೆಣಸಿನ ಕೈ ಜಗ್ಗಿತು. ಆಟಕ್ಕೆ ಜಗ್ಗುತ್ತಿದ್ದಾಳೆ ಅಂದುಕೊಂಡೆ. ಕಣ್ಣು ಮೇಲೆ ಹೋಗಿದ್ದವು. ಹಲ್ಲು ಕಚ್ಚಿದ್ದಳು. ಮೈ ಕಂಬಿಯ ಹಾಗೆ ಸೆಟೆದು ಅದುರುತ್ತಿತ್ತು. ಆಗ ಯಾರೋ ನರ್ಸು ನೋಡಿ, ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಓಡಿದಳು. ಸಹಿಯನ್ನು ಯಾರೂ ಕೇಳಲಿಲ್ಲ.

ಅಕ್ಕ ಬಂದಾಗ ಅವಳ ಕೈಗೆ ಕಾಂಕ್ರೀಟು ಹಾಗೇ ಮೆತ್ತಿಕೊಂಡಿತ್ತು. ಸ್ಲ್ಯಾಬ್ ಚೆನ್ನಾಗಿ ಬಿತ್ತಂತೆ. ಒಂದು ಜಾಯಿಂಟೂ ಇಲ್ಲವಂತೆ.

ಮೆಣಸು ಸಾಯಲಿಲ್ಲ. ಎಲ್ಲರೂ ಅದನ್ನೇ ಹೇಳುತ್ತಾರೆ. ಪುಣ್ಯ, ಉಳಿದುಕೊಂಡಳಲ್ಲ ಅಂತ. ಜ್ವರ ಇಳಿಯಿತು. ರಕ್ತದಲ್ಲಿದ್ದದ್ದೂ ಹೋಯಿತು. ಸೂಜಿಯ ಔಷಧಿ ಚೆನ್ನಾಗಿ ಕೆಲಸ ಮಾಡಿತು. ಆದರೆ ಎತ್ತಿಕೊಂಡು ಶೆಡ್ಡಿಗೆ ಬಂದಾಗ ಬಂದದ್ದು ಮೆಣಸಲ್ಲ. ಎಡಗೈ ನೇತಾಡುತ್ತದೆ. ಕೂರಿಸಿದರೆ ವಾಲುತ್ತಾಳೆ. ಕಣ್ಣು ತೆರೆದಿರುತ್ತದೆ, ಮುಂದೆ ಬೆರಳಾಡಿಸಿದರೆ ರೆಪ್ಪೆ ಬಡಿಯುವುದಿಲ್ಲ. ಮೆದುಳಿಗೆ ಏರಿತ್ತು, ಸ್ವಲ್ಪ ಬೇಗ ತಂದಿದ್ದರೆ, ಅಂದರು ಆಸ್ಪತ್ರೆಯಲ್ಲಿ. ನನ್ನನ್ನು ಕಂಡರೆ ಅಳುವುದಿಲ್ಲ. ಯಾರನ್ನು ಕಂಡರೂ ಅಳುವುದಿಲ್ಲ.

ಅಕ್ಕ ಅವಳನ್ನು ಬೆನ್ನಿಗೆ ಕಟ್ಟಿಕೊಂಡೇ ಈಗ ಸ್ಲ್ಯಾಬಿಗೆ ನೀರು ಹಾಕುತ್ತಾಳೆ. ಬಾಂಡ್ಲಿ ಹೊರಲು ಆಗುವುದಿಲ್ಲವಲ್ಲ.

"ಅವಳ ಹೆಸರು ಎಲ್ಲೂ ಇಲ್ವಂತಾ?" ಅಂತ ಒಂದು ದಿನ ಕೇಳಿದಳು. ನೀರಿನ ಪೈಪು ಕೈಯಲ್ಲಿತ್ತು.

"ಇಲ್ಲ. ಕಕ್ಕಿದವರನ್ನ ಸೇರಿಸೋಲ್ಲ."

"ಹೆಬ್ಬೆಟ್ಟು ಒತ್ತಿದ್ನಲ್ಲೇ."

"ಒತ್ತಿದ್ರೂ."

ಅಕ್ಕ ಬೆನ್ನಿನ ಮಗುವನ್ನು ಮೇಲಕ್ಕೆ ಸರಿಸಿಕೊಂಡಳು. "ನಾವು ಕುಂಟೆಬಿಲ್ಲೆ ಆಡ್ತಿದ್ವಲ್ಲ, ನೆನಪಿದ್ಯಾ? ನೀನು ಸಣ್ಣೋಳು, ಅಳ್ತೀಯಾ ಅಂತ ಸೇರಿಸ್ಕೋತಿದ್ವಿ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ." ಪೈಪನ್ನು ಮುಂದಿನ ಬದುವಿಗೆ ತಿರುಗಿಸಿದಳು. "ಅದಾದ್ರೂ ಪ್ರೀತಿಗೆ ಮಾಡ್ತಿದ್ವಿ."

ನಾನು ಕೆಲಸ ಬಿಡಲಿಲ್ಲ. ಬಿಟ್ಟರೆ ಮೂರು ಹೊಟ್ಟೆ. ಬ್ಲೇಡು ಹಿಡಿದೆ. ಮೂಗು ಹಿಡಿದೆ. ಕೇಳಿದೆ. ಆಯ್ತು ಅಂದರು. ಗುರುತು ಹಾಕಿದೆ. ರಾತ್ರಿ ಕೂತು ನಿಜವಾಗಿ ನಡೆದದ್ದನ್ನು ಬರೆದೆ, ಎಷ್ಟೋ ಬರೆದೆ. ಬರೆದದ್ದು ಯಾವ ಮಗುವಿನ ಬಾಯಿಗೂ ಹೋಗಲಿಲ್ಲ.

ಪರೀಕ್ಷೆ ಮುಗಿಯಿತು. ದೊಡ್ಡ ಊರಿನಿಂದ ದೊಡ್ಡವರು ಬಂದರು. ಕಟ್ಟಡದ ಕೆಳಗಿನ ಹಾಲನ್ನು ಗುಡಿಸಿ, ಕುರ್ಚಿ ಹಾಕಿದರು. ತಾಯಂದಿರನ್ನು ಮಕ್ಕಳ ಜೊತೆ ನೆಲದ ಮೇಲೆ ಕೂರಿಸಿದರು. ಕೊನೆಯವರೆಗೂ ಉಳಿದ ಮಕ್ಕಳಿಗೆ ಒಂದೊಂದು ಸೊಳ್ಳೆಪರದೆ. ಹೊರಹೋದ ಮಕ್ಕಳ ತಾಯಂದಿರನ್ನು ಕರೆದಿರಲಿಲ್ಲ. ಅವರೂ ಬಂದಿದ್ದರು. ಬಾಗಿಲಿಲ್ಲದ ಬಾಗಿಲಿನಲ್ಲಿ ನಿಂತಿದ್ದರು. ಕೂತವರಿಗಿಂತ ನಿಂತವರು ಅಷ್ಟೇನೂ ಕಡಿಮೆ ಇರಲಿಲ್ಲ. ಅವರ ನಡುವೆ ಅಕ್ಕ, ಬೆನ್ನಿನಲ್ಲಿ ಮೆಣಸು.

"ನಾನೇನು ಪರದೆಗೆ ಬಂದಿಲ್ಲಪ್ಪ, ಸಿನಿಮಾಗೆ ಬಂದಿದೀನಿ," ಅಂದಳು ಅಕ್ಕ, ಒಳಗೆ ಬರಬೇಡಿ ಅಂದ ಡ್ರೈವರಿಗೆ.

ಡಾಕ್ಟರಮ್ಮ ಎದ್ದು ನಿಂತರು. ಮಾತ್ರೆ ನೂರಕ್ಕೆ ತೊಂಬತ್ತೆಂಟು ಮಕ್ಕಳಲ್ಲಿ ರೋಗವನ್ನು ಬೇರುಸಹಿತ ತೆಗೆದಿದೆ ಅಂದರು. ಕೆಲವು ಮಕ್ಕಳು ನಿಯಮದ ಪ್ರಕಾರ ಹೊರಗುಳಿದರು ಅಂದರು. ದೊಡ್ಡವರು ಚಪ್ಪಾಳೆ ತಟ್ಟಿದರು. ತಾಯಂದಿರೂ ತಟ್ಟಿದರು. ಕೈ ಖಾಲಿ ಇದ್ದವರು ತಟ್ಟಿದರು. ಬರುವ ತಿಂಗಳಿಂದ ಎಲ್ಲ ಸೈಟುಗಳಲ್ಲೂ ಇದೇ ಮಾತ್ರೆ, ಇದೇ ರೀತಿ, ಬೆಳಿಗ್ಗೆ ಬೆಳಿಗ್ಗೆಯೇ ಕೊಟ್ಟು ಮುಗಿಸುವುದು ಅಂದರು. ಎಲ್ಲ ಸೈಟುಗಳು ಅಂದರೆ ಎಷ್ಟು ಜಗಲಿ, ಎಷ್ಟು ಬಕೆಟ್ಟು ಅಂತ ನಾನು ಗೋಡೆಗೆ ಒರಗಿ ನಿಂತು ಯೋಚಿಸುತ್ತಿದ್ದೆ.

ದೊಡ್ಡವರಲ್ಲಿ ಒಬ್ಬ ಮುದುಕರಿದ್ದರು. ಚಪ್ಪಾಳೆ ನಿಂತ ಮೇಲೆ ಕೈ ಎತ್ತಿದರು.

"ಒಂದು ಸಣ್ಣ ಪ್ರಶ್ನೆ. ಇದು ತಿಂದ ಹೊಟ್ಟೆಗೆ ಕೊಡೋ ಮಾತ್ರೆ. ಮಕ್ಕಳದು ತಿಂಡಿ ಆಗಿರ್ತಿತ್ತಾ?"

"ಎಲ್ಲರದೂ ಆಗಿತ್ತು ಸಾರ್," ಅಂದರು ಡಾಕ್ಟರಮ್ಮ. "ಒಂದೊಂದು ಮಗೂಗೂ ಕೇಳಿ ಗುರುತು ಹಾಕಿದೀವಿ. ಕೇಳಿದ್ದು ಇದೇ ಹುಡುಗಿ. ಇವರ ಪೈಕಿಯವಳೇ. ಬಾಮ್ಮ ಮುಂದೆ. ಹೇಳು ಸಾರಿಗೆ."

ನನ್ನನ್ನು ಮುಂದೆ ನಿಲ್ಲಿಸಿದರು. ಎಲ್ಲ ತಾಯಂದಿರೂ ನನ್ನನ್ನು ನೋಡಿದರು. ಅದು ಸಭೆ ನೋಡುವ ನೋಟವಲ್ಲ. ಬೇಡ ಕಣೇ ಅನ್ನುವ ನೋಟ. ಇಷ್ಟು ದಿನ ಹಿಡಿದುಕೊಂಡು ಬಂದ ಒಂದು ಮಾನ, ಇಷ್ಟು ಜನರ ಮುಂದೆ ಬಿಚ್ಚಬೇಡ ಅನ್ನುವ ನೋಟ. ಮುಂದಿನ ಸಾಲಿನ ಒಬ್ಬಳು ಮಗುವಿನ ಬಾಯಿ ಒರೆಸಿದಳು, ಈಗಷ್ಟೇ ತಿಂದಿದೆ ಅನ್ನುವ ಹಾಗೆ. ಹೇಳಿದರೆ ಬಯ್ಯುವುದು ಯಾರನ್ನು ಅಂತ ನನಗೂ ಗೊತ್ತಿತ್ತು. ಹೊತ್ತು ನಿಗದಿ ಮಾಡಿದವರನ್ನಲ್ಲ. ಸೀಟಿ ಊದಿದವನನ್ನಲ್ಲ. ಸುಳ್ಳು ಹೇಳಿದ ತಾಯಂದಿರು ಅಂತಾರೆ. ಮಕ್ಕಳಿಗೆ ತಿಂಡಿ ಕೊಡದ ತಾಯಂದಿರು ಅಂತಾರೆ.

ಬಾಗಿಲಿನ ಕಡೆ ನೋಡಿದೆ. ಅಕ್ಕ ನೆಲ ನೋಡುತ್ತಿದ್ದಳು. ಅವಳ ಹೆಗಲಿನ ಮೇಲಿಂದ ಮೆಣಸು ಈ ಕಡೆ ನೋಡುತ್ತಿದ್ದಳು. ನೋಡುತ್ತಿದ್ದಳೋ ಇಲ್ಲವೋ, ಕಣ್ಣು ಈ ಕಡೆ ಇತ್ತು.

"ಹೇಳಮ್ಮ. ಸಾರ್ ಕಾಯ್ತಿದಾರೆ," ಅಂದರು ಡಾಕ್ಟರಮ್ಮ.

ಮುದುಕರ ಕಡೆ ತಿರುಗಿದೆ.

"ಆಗಿರ್ಲಿಲ್ಲ," ಅಂದೆ. "ಒಂದು ಮಗೂದೂ ಆಗಿರ್ಲಿಲ್ಲ."